ಎದೆಯೇ ಎದುರು ಸಾಕ್ಷಿ ಹೇಳಿದರೆ? ಪ್ರಾಚೀನ ಈಜಿಪ್ಟಿನ ಒಂದು ಮಂತ್ರ, ಅನುವಾದದ ಒಂದು ತೊಡಕು

ಮರಳುಗಡಿಯಾರ

ಮಾನ್ಯ ಸದಸ್ಯರಿಗೆ ನಮಸ್ಕಾರ. ಪ್ರಾಚೀನ ಈಜಿಪ್ಟಿನವರು ಸತ್ತವರ ಜೊತೆಗಿಟ್ಟು ಕಳುಹಿಸುತ್ತಿದ್ದ, ಈಗ ‘ಸತ್ತವರ ಪುಸ್ತಕ’ ಎಂದು ಕರೆಯುವ ಮಂತ್ರಗಳಲ್ಲಿ ಕೆಲವನ್ನು ನಮ್ಮ ಓದುಗರ ಕೂಟದ ಮುಂದಿನ ಸಭೆಗೆಂದು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸ ಒಂದೇ ಮಂತ್ರದ ಬಳಿ ನಿಂತು ಹದಿನೈದು ದಿನಗಳಾದವು. ವಿದ್ವಾಂಸರು 30ಬಿ ಎಂದು ಗುರುತಿಸುವ ಮಂತ್ರ ಅದು.

ಸಂದರ್ಭ ಬಹಳ ಮಂದಿಗೆ ಚಿತ್ರಗಳಿಂದ ಪರಿಚಿತವೇ ಇದೆ. ಸತ್ತವನು ಒಸೈರಿಸ್ ದೇವನ ಸಭೆಗೆ ಬರುತ್ತಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಸತ್ಯಕ್ಕೂ ಲೋಕದ ಸುವ್ಯವಸ್ಥೆಗೂ ಅಧಿದೇವತೆಯಾದ ಮಾಅತ್‌ಳ ಗರಿ. ನರಿಯ ತಲೆಯ ಅನುಬಿಸ್ ತಕ್ಕಡಿಯ ತೂಗುಗುಂಡನ್ನು ಹಿಡಿದು ನೋಡುತ್ತಾನೆ, ಬಾಗಿದ ಕೊಕ್ಕಿನ ಹಕ್ಕಿಯ ತಲೆಯ ಥೋತ್ ತೀರ್ಪನ್ನು ಬರೆದುಕೊಳ್ಳುತ್ತಾನೆ, ಮೊಸಳೆಯ ಬಾಯಿ, ಸಿಂಹದ ಮುಂಗಾಲು, ನೀರ್ಗುದುರೆಯ ಹಿಂಭಾಗ ಸೇರಿ ಆದ ಅಮ್ಮಿತ್, ತೂಕದಲ್ಲಿ ಸೋತವನ ಹೃದಯವನ್ನು ನುಂಗಲು ಪಕ್ಕದಲ್ಲಿ ಕಾದು ಕುಳಿತಿರುತ್ತಾಳೆ. ಇಂಥ ಹೊತ್ತಿನಲ್ಲಿ ಸತ್ತವನು ದೇವರಿಗಲ್ಲ, ತನ್ನ ಹೃದಯಕ್ಕೇ ಕೈಮುಗಿದು, ‘ನನ್ನ ವಿರುದ್ಧ ಸಾಕ್ಷಿಯಾಗಿ ಎದ್ದು ನಿಲ್ಲಬೇಡ’ ಎಂದು ಬೇಡಿಕೊಳ್ಳುತ್ತಾನೆ.

ನನ್ನ ತೊಡಕು ಎರಡು ಬಗೆಯದು. ಮೊದಲನೆಯದು ಪದದ್ದು: ಇಲ್ಲಿ ‘ಹೃದಯ’ ಎನ್ನಬೇಕೋ, ‘ಎದೆ’ ಎನ್ನಬೇಕೋ, ‘ಮನಸ್ಸು’ ಎನ್ನಬೇಕೋ? ಎರಡನೆಯದು ಅರ್ಥದ್ದು. ಮನುಷ್ಯನ ಸತ್ಯಾಸತ್ಯವನ್ನು ಅಳೆಯುವುದಕ್ಕೆಂದೇ ಹೃದಯವನ್ನು ತೂಗುವುದಾದರೆ, ಆ ಹೃದಯದ ಬಾಯಿ ಕಟ್ಟುವ ಮಂತ್ರವನ್ನೂ ಅವರೇ ಬರೆದಿಟ್ಟುಕೊಂಡದ್ದೇಕೆ? ಇದು ಸಾಕ್ಷಿಯನ್ನು ಒಲಿಸಿಕೊಳ್ಳುವ ಕೆಲಸವಲ್ಲವೇ? ಅನುವಾದದ ದನಿ ಪ್ರಾರ್ಥನೆಯದಾಗಬೇಕೋ ಉಪಾಯದ್ದಾಗಬೇಕೋ ಎಂಬುದು ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ.

ಲಿಪಿಕಾರ

ಮರಳುಗಡಿಯಾರ ಅವರೇ, ಪದದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವರು ಹೃದಯವನ್ನು ಏನೆಂದು ತಿಳಿದಿದ್ದರು ಎಂಬುದನ್ನು ಮೊದಲು ನೋಡೋಣ. ಹೆಣವನ್ನು ಸಿದ್ಧಪಡಿಸುವಾಗ ಮಿದುಳನ್ನು ಮೂಗಿನ ಮೂಲಕ ಕೊಕ್ಕೆ ಹಾಕಿ ತೆಗೆದು ಎಸೆಯುತ್ತಿದ್ದರು. ಯಕೃತ್ತು, ಶ್ವಾಸಕೋಶ, ಜಠರ, ಕರುಳು ಇವುಗಳನ್ನು ಬೇರೆ ಬೇರೆ ಭರಣಿಗಳಲ್ಲಿಟ್ಟು ಹೋರಸ್ ದೇವನ ನಾಲ್ವರು ಮಕ್ಕಳ ಕಾವಲಿಗೆ ಒಪ್ಪಿಸುತ್ತಿದ್ದರು. ಹೃದಯವನ್ನು ಮಾತ್ರ ಒಳಗೇ ಉಳಿಸಬೇಕೆಂಬುದು ಅವರ ಆಶಯವಾಗಿತ್ತು. ನಾವು ಮಿದುಳಿಗೆ ಒಪ್ಪಿಸಿರುವ ಬುದ್ಧಿ, ನೆನಪು, ಸಂಕಲ್ಪಗಳೆಲ್ಲ ಅವರ ಪಾಲಿಗೆ ಹೃದಯದ ಕಸುಬು. ಬದುಕಿನುದ್ದಕ್ಕೂ ಜೊತೆಗಿದ್ದು ಎಲ್ಲವನ್ನೂ ಕಂಡಿರುವ ಅಂಗ ಅದೊಂದೇ. ಆದ್ದರಿಂದಲೇ ಅದರ ಬಾಯಿಗೆ ಅಷ್ಟು ಭಯ.

ಇನ್ನೊಂದು ಮಾತು. ‘ಸತ್ತವರ ಪುಸ್ತಕ’ ಎಂಬ ಹೆಸರು ಈಜಿಪ್ಟಿನದಲ್ಲ. 1842ರಲ್ಲಿ ಜರ್ಮನ್ ವಿದ್ವಾಂಸ ಲೆಪ್ಸಿಯಸ್, ಟುರಿನ್‌ನಲ್ಲಿರುವ ಒಂದು ಪಪೈರಸ್ (ಜೊಂಡಿನ ಕಾಗದ) ಸುರುಳಿಯನ್ನು ಪ್ರಕಟಿಸುವಾಗ ಇಟ್ಟ ಹೆಸರು ಅದು. ಮಂತ್ರಗಳಿಗೆ ಸಂಖ್ಯೆ ಕೊಟ್ಟವರೂ ಅವರೇ. ಈಜಿಪ್ಟಿನವರು ಅದನ್ನು ‘ಹಗಲಿಗೆ ಹೊರಬರುವುದು’ ಎಂಬರ್ಥದ ಮಾತಿನಿಂದ ಕರೆಯುತ್ತಿದ್ದರು. ಕೂಟದ ಹಾಳೆಯ ಮೇಲೆ ಈ ಹೆಸರನ್ನೇ ಬಳಸಿರೆಂದು ನನ್ನ ಸಲಹೆ. ಇಡೀ ಪುಸ್ತಕದ ಗಮನ ಸಾವಿನ ಮೇಲಲ್ಲ, ಮರಳಿ ಬೆಳಕಿಗೆ ಬರುವುದರ ಮೇಲಿದೆ.

ಹಳೇ ವಕೀಲ

ನಾನು ಈಜಿಪ್ಟಿನ ವಿದ್ವಾಂಸನಲ್ಲ. ಮೂವತ್ತು ವರ್ಷ ಕೆಳ ನ್ಯಾಯಾಲಯಗಳ ಕಟ್ಟೆ ಹತ್ತಿ ಇಳಿದವನು. ಆ ಅನುಭವದಿಂದ ಹೇಳುವುದಾದರೆ, ಪ್ರಶ್ನಕರ್ತರು ಈ ಮಂತ್ರವನ್ನು ‘ಸಾಕ್ಷಿಯನ್ನು ಒಲಿಸಿಕೊಳ್ಳುವುದು’ ಎಂದದ್ದು ಸ್ವಲ್ಪ ಕಟುವಾಯಿತು. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದೆಂದು ನಮ್ಮ ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಆ ರಕ್ಷಣೆಯನ್ನು ಯಾರೂ ಮೋಸವೆನ್ನುವುದಿಲ್ಲ. ಹೃದಯ ಎಂಬುದು ಆರೋಪಿಯೇ ಹೌದು, ಸಾಕ್ಷಿಯೂ ಹೌದು. ಕಟಕಟೆಯಲ್ಲಿ ನಿಂತವನಿಗೆ ತನ್ನದೇ ಒಳಗು ಪ್ರತಿಕೂಲ ಸಾಕ್ಷಿಯಾಗಿಬಿಟ್ಟೀತೆಂಬ ಅಂಜಿಕೆ ನಿರಪರಾಧಿಗೂ ಇರುತ್ತದೆ. ಏನೂ ತಪ್ಪು ಮಾಡದವರು ಪಾಟೀಸವಾಲಿಗೆ ನಿಂತಾಗ ಗಂಟಲು ಒಣಗಿ ತಡವರಿಸುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ನನಗೆ ವಿಚಿತ್ರವಾಗಿ ಕಂಡದ್ದು ಬೇರೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆನಿ ಎಂಬ ಲಿಪಿಕಾರನ ಸುರುಳಿಯ ಬಗ್ಗೆ ಓದಿದೆ. ಕ್ರಿ.ಪೂ. 1250ರ ಸುಮಾರಿನದು, ಉದ್ದ 23 ಮೀಟರಿಗೂ ಹೆಚ್ಚು. 1888ರಲ್ಲಿ ಅದನ್ನು ಕೊಂಡ ಆ ಮ್ಯೂಸಿಯಮ್ಮಿನ ವಾಲಿಸ್ ಬಜ್ 37 ತುಂಡುಗಳಾಗಿ ಕತ್ತರಿಸಿಬಿಟ್ಟರಂತೆ. ಆ ಸುರುಳಿಯ ಕೆಲವು ಭಾಗಗಳನ್ನು ಮೊದಲೇ ಬರೆದಿಟ್ಟು, ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಗಿರಾಕಿ ಸಿಕ್ಕ ಮೇಲೆ ‘ಆನಿ’ ಎಂದು ತುಂಬಿದ್ದಾರೆ. ನಮ್ಮ ಬಾಂಡ್ ಬರಹಗಾರರ ಮೇಜಿನ ಮೇಲಿರುವ ನಮೂನೆಗಳಂತೆಯೇ! ಸಾಲದ್ದಕ್ಕೆ ಹೆಸರಿನ ಮುಂದೆ ‘ಮಾಆ ಖೆರು’, ಅಂದರೆ ‘ನುಡಿ ನಿಜವಾದವನು’ ಎಂಬ ಬಿರುದನ್ನೂ ಸೇರಿಸಿರುತ್ತಾರೆ. ಅದು ವಿಚಾರಣೆಯಲ್ಲಿ ಗೆದ್ದವನಿಗೆ ಸಲ್ಲುವ ಮಾತು. ವಾದ ಆರಂಭವಾಗುವ ಮೊದಲೇ ತೀರ್ಪಿನ ನಕಲು ಕೈಯಲ್ಲಿದ್ದಂತಾಯಿತು. ಅಮ್ಮಿತ್ ಯಾರನ್ನಾದರೂ ನುಂಗುತ್ತಿರುವ ಚಿತ್ರ ಈ ಸುರುಳಿಗಳಲ್ಲಿ ಕಾಣುವುದಿಲ್ಲವೆಂಬುದೂ ಗಮನಿಸತಕ್ಕದ್ದು.

ಬೀದರಿನ ಓದುಗ

ವಕೀಲ ಸಾಹೇಬರ ಮಾತು ಓದಿ ನನ್ನದೊಂದು ಹಳೆಯ ನೆನಪು ಎದ್ದಿತು. ನಮ್ಮ ಕಡೆಯ ಶಾಲೆಗಳ ಪ್ರವಾಸವೆಂದರೆ ಹೈದರಾಬಾದೇ. ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಮ್ಮಿ ಇದೆ. ನಿಜಾಮರ ಕಾಲದಲ್ಲಿ ಬಂದದ್ದು. ನಾವು ಹುಡುಗರು ಸಿನಿಮಾದ ದೆವ್ವವನ್ನು ನಿರೀಕ್ಷಿಸಿ ಹೋಗಿದ್ದೆವು. ಗಾಜಿನೊಳಗೆ ಕಂಡದ್ದು ಕಂದುಬಣ್ಣದ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ದೇಹ. ನನ್ನ ಪಕ್ಕದಲ್ಲಿದ್ದ ಗೆಳೆಯ ಸದ್ದಿಲ್ಲದೆ ಚಪ್ಪಲಿ ಬಿಟ್ಟು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಪ್ರಶ್ನೆ ಇಷ್ಟೇ. ಸುರುಳಿ ಬರೆಸಲು, ಹೆಣಕ್ಕೆ ಎಣ್ಣೆ ಅಂಟು ಹಚ್ಚಿಸಲು ಹಣ ಬೇಕು. ಹಣವಿಲ್ಲದವನ ಹೃದಯವನ್ನು ತೂಗುತ್ತಿದ್ದರೋ ಇಲ್ಲವೋ? ಮಂತ್ರ ಕೈಯಲ್ಲಿಲ್ಲದ ಬಡ ರೈತನ ಎದೆ ಸಾಕ್ಷಿ ಹೇಳಿಬಿಟ್ಟರೆ ಅವನ ಗತಿಯೇನು?

ರಸಾಯನ ಮೇಷ್ಟ್ರು

ಬೀದರಿನವರ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಆದರೆ ಖರ್ಚಿನ ಬಗ್ಗೆ ಹೇಳಬಲ್ಲೆ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಈಜಿಪ್ಟಿಗೆ ಹೋಗಿದ್ದ ಗ್ರೀಕ್ ಚರಿತ್ರಕಾರ ಹೆರೊಡೊಟಸ್, ಅಲ್ಲಿ ಮೂರು ದರದ ಸಂಸ್ಕಾರಗಳಿದ್ದವೆಂದು ಬರೆದಿದ್ದಾನೆ. ಹೆಣ ತಂದವರಿಗೆ ಮರದ ಮಾದರಿ ಗೊಂಬೆಗಳನ್ನು ತೋರಿಸಿ ಯಾವ ದರದ್ದು ಬೇಕೆಂದು ಕೇಳುತ್ತಿದ್ದರಂತೆ. ಅಗ್ಗದ್ದರಲ್ಲಿ ಹೊಟ್ಟೆಯನ್ನು ತೊಳೆದು ಎಪ್ಪತ್ತು ದಿನ ನೇಟ್ರಾನಿನಲ್ಲಿ ಇಟ್ಟರೆ ಮುಗಿಯಿತು.

ಈ ನೇಟ್ರಾನ್ ಎಂದರೆ ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್, ಜೊತೆಗೆ ಒಂದಷ್ಟು ಉಪ್ಪು, ಸಲ್ಫೇಟ್. ಕೈರೋ ನಗರದ ವಾಯವ್ಯಕ್ಕಿರುವ ವಾದಿ ನತ್ರುನ್ ಕಣಿವೆಯ ಒಣಗಿದ ಕೆರೆಗಳ ಅಂಚಿನಲ್ಲಿ ಗಟ್ಟಿಯಾಗಿ ಸಿಗುತ್ತಿತ್ತು. ನಮ್ಮಲ್ಲಿ ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳುಮಣ್ಣಿನ ಹತ್ತಿರದ ಬಂಧು. ಅದು ಮಾಂಸದ ನೀರನ್ನು ಹೀರುತ್ತದೆ, ಕೊಬ್ಬನ್ನು ಸಾಬೂನಾಗಿಸುತ್ತದೆ, ಕ್ಷಾರದ ಬಲದಿಂದ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬಾಬ್ ಬ್ರೈಯರ್ ಮತ್ತು ರೊನಾಲ್ಡ್ ವೇಡ್ ದಾನವಾಗಿ ಬಂದ ಒಂದು ದೇಹದ ಮೇಲೆ ಇದೇ ವಿಧಾನವನ್ನು ಪ್ರಯೋಗಿಸಿದಾಗ, ಒಣ ನೇಟ್ರಾನಿನಲ್ಲಿ 35 ದಿನ ಇಟ್ಟದ್ದರಿಂದಲೇ ಕೆಲಸ ಸಾಧಿಸಿತು. ಹಾಗಾಗಿ ಹೆರೊಡೊಟಸ್ ಹೇಳುವ ಎಪ್ಪತ್ತೂ ದಿನ ನೇಟ್ರಾನಿಗೇ ಬೇಕಿರಲಿಲ್ಲ, ಉಳಿದ ದಿನಗಳೆಲ್ಲ ಎಣ್ಣೆ, ಅಂಟು, ಬಟ್ಟೆಸುತ್ತು, ಮಂತ್ರಗಳಿಗೆ ಹೋಗುತ್ತಿದ್ದಿರಬೇಕು.

ಲಿಪಿಕಾರರು ಹೃದಯವನ್ನು ಒಳಗೇ ಉಳಿಸಬೇಕೆಂಬ ಆಶಯವಿತ್ತೆಂದು ಎಚ್ಚರದಿಂದ ಬರೆದಿದ್ದಾರೆ, ಒಳ್ಳೆಯದೇ ಆಯಿತು. ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಎಷ್ಟೋ ಮಮ್ಮಿಗಳಲ್ಲಿ ಹೃದಯವೇ ಕಾಣಸಿಗುವುದಿಲ್ಲ. ಶಾಸ್ತ್ರ ಹೇಳಿದ್ದು ಒಂದು, ಕತ್ತರಿಸುವವನ ಕೈ ಮಾಡಿದ್ದು ಇನ್ನೊಂದು.

ಅಂಟುಗಳ ಬಗ್ಗೆ ಒಂದು ಹೊಸ ಸಂಗತಿ. ಕೈರೋ ಬಳಿಯ ಸಕ್ಕಾರ ಎಂಬ ಪ್ರಾಚೀನ ಸ್ಮಶಾನದಲ್ಲಿ ನೆಲದಡಿಯ ಒಂದು ಸಂಸ್ಕಾರಶಾಲೆ ಸಿಕ್ಕಿದೆ. ಅಲ್ಲಿನ ಮಡಕೆಗಳ ಮೇಲೆ ಒಳಗಿರುವುದು ಏನು, ಯಾವ ಅಂಗಕ್ಕೆ ಹಚ್ಚಬೇಕು ಎಂದು ಬರೆದಿದೆ. ಅವುಗಳ ತಳದಲ್ಲಿ ಉಳಿದ ಜಿಡ್ಡನ್ನು ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ‘ಅಂತಿಯು’ ಎಂಬ ಪದವನ್ನು ಬಹಳ ಕಾಲದಿಂದ ರಕ್ತಬೋಳ ಎಂದು ಅನುವಾದಿಸುತ್ತಿದ್ದರು. ಆ ಹೆಸರಿನ ಮಡಕೆಗಳಲ್ಲಿ ಇದ್ದದ್ದು ದೇವದಾರು ಜಾತಿಯ ಎಣ್ಣೆ ಮತ್ತು ಪ್ರಾಣಿಕೊಬ್ಬು ಬೆರೆತ ಮಿಶ್ರಣ. ಅನುವಾದಕರು ಪದಕೋಶವನ್ನೇ ನಂಬಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಮರಳುಗಡಿಯಾರ ಅವರು ಇದನ್ನು ನೆನಪಿಟ್ಟುಕೊಳ್ಳಬಹುದು. ಆಗ್ನೇಯ ಏಷ್ಯಾದ ಕಾಡಿನ ಡಾಮರ್ ಮರದ ಅಂಟು ಕೂಡ ಅಲ್ಲಿತ್ತು.

ಮೆಣಸಿನ ಬಳ್ಳಿ

ಮೇಷ್ಟ್ರೇ, ದೂರದ ಅಂಟಿನ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕರಿಮೆಣಸಿನ ಕಾಳುಗಳು ಸಿಕ್ಕಿವೆ. ಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಮೂರು ಸಾವಿರ ವರ್ಷಗಳ ಹಿಂದೆ ಘಟ್ಟದ ಯಾವುದೋ ಇಳಿಜಾರಿನಿಂದ ಹೊರಟ ಕಾಳು ಆ ರಾಜನ ಮೂಗಿಗೆ ಹೋಗಿ ಸೇರಿತೆಂದು ನೆನೆದಾಗಲೆಲ್ಲ, ಚಾಪೆಯ ಮೇಲೆ ಮೆಣಸು ಹರವುತ್ತಿದ್ದರೂ ನನ್ನ ಕೈ ನಿಲ್ಲುತ್ತದೆ. ಬಟ್ಟೆಸುತ್ತಿನ ಬಿಗಿತಕ್ಕೆ ಅವನ ಗಿಡುಗನ ಮೂಗು ಚಪ್ಪಟೆಯಾಗದಿರಲೆಂದು ತುಂಬಿದ್ದೆಂದು ಹೇಳುವವರಿದ್ದಾರೆ.

ಅದೇ ಮಮ್ಮಿಯನ್ನು 1976ರಲ್ಲಿ ಶಿಲೀಂಧ್ರದ ಚಿಕಿತ್ಸೆಗೆಂದು ಪ್ಯಾರಿಸ್ಸಿಗೆ ಒಯ್ದರು. ಆಗ ಮಾಡಿಸಿದ್ದೆಂದು ವಾಟ್ಸಾಪಿನಲ್ಲಿ ಓಡಾಡುವ ‘ಫೇರೋ ಪಾಸ್‌ಪೋರ್ಟ್’ ಚಿತ್ರವನ್ನು ದಯವಿಟ್ಟು ಯಾರೂ ಇಲ್ಲಿ ಹಾಕಬೇಡಿ. ಅದು ಈಚೆಗೆ ಯಾರೋ ರಚಿಸಿದ ಚಿತ್ರ.

ಹಳೇ ವಕೀಲ

ಬೀದರಿನವರ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಹುಡುಕುತ್ತಾ ಹೋದಾಗ ಒಂದು ನಿಜವಾದ ಮೊಕದ್ದಮೆಯೇ ಸಿಕ್ಕಿತು, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂಬತ್ತನೆಯ ರಾಮ್ಸೆಸ್‌ನ ಆಳ್ವಿಕೆಯ 16ನೆಯ ವರ್ಷ, ಅಂದರೆ ಕ್ರಿ.ಪೂ. 1110ರ ಸುಮಾರಿಗೆ, ಥೀಬ್ಸ್‌ನಲ್ಲಿ ಸಮಾಧಿಗಳ್ಳರ ವಿಚಾರಣೆ ನಡೆಯಿತು. ಅದರ ದಾಖಲೆಯಾದ ಒಂದು ಪಪೈರಸ್ ಇಬ್ಭಾಗವಾಗಿ ಕೆಳಗಿನ ಅರ್ಧ ಮಾತ್ರ ಬಹಳ ಕಾಲದಿಂದ ಗೊತ್ತಿತ್ತು. ಮೇಲಿನ ಅರ್ಧ 1935ರಲ್ಲಿ ಬ್ರಸೆಲ್ಸ್‌ನಲ್ಲಿ ಒಂದು ಮರದ ಗೊಂಬೆಯ ಹೊಟ್ಟೆಯೊಳಗೆ ಸುತ್ತಿಟ್ಟದ್ದು ಸಿಕ್ಕಿತು. ಅದರಲ್ಲಿ ಆಮೆನ್‌ಪನುಫೆರ್ ಎಂಬ ಕಲ್ಲುಕುಟಿಗನ ತಪ್ಪೊಪ್ಪಿಗೆ ಇದೆ. ಅವನೂ ಅವನ ಸಂಗಡಿಗರೂ ಸೊಬೆಕೆಮ್ಸಾಫ್ ಎಂಬ ಹಳೆಯ ರಾಜನ ಸಮಾಧಿಗೆ ಸುರಂಗ ಕೊರೆದು ಹೋದರು. ರಾಜನ ಕೊರಳಿನ ತಾಯಿತಗಳನ್ನೂ ಚಿನ್ನವನ್ನೂ ಬಿಚ್ಚಿಕೊಂಡರು, ರಾಣಿಯದನ್ನೂ ಬಿಡಲಿಲ್ಲ, ಕೊನೆಗೆ ಶವಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದರು. 160 ದೆಬೆನ್ ಚಿನ್ನವನ್ನು ಎಂಟು ಜನ ಹಂಚಿಕೊಂಡಾಗ ತಲೆಗೆ 20 ದೆಬೆನ್ ಬಂತು. ಒಂದು ದೆಬೆನ್ ಎಂದರೆ ಸುಮಾರು 91 ಗ್ರಾಂ. ಸ್ವಲ್ಪ ದಿನಗಳಲ್ಲಿ ಅವನು ಸಿಕ್ಕಿಬಿದ್ದ. ತನ್ನ ಪಾಲಿನ 20 ದೆಬೆನ್ನನ್ನು ಅಲ್ಲಿನ ಗುಮಾಸ್ತನೊಬ್ಬನಿಗೆ ಕೊಟ್ಟು ಬಿಡಿಸಿಕೊಂಡ. ಸಂಗಡಿಗರ ಬಳಿಗೆ ಮರಳಿದಾಗ ಅವರು ಅವನ ನಷ್ಟವನ್ನು ತುಂಬಿಕೊಟ್ಟರು!

ಇದನ್ನು ಏಕೆ ಹೇಳಿದೆನೆಂದರೆ, ಈ ಕಳ್ಳರು ಪರದೇಶದವರಲ್ಲ, ಪರಧರ್ಮದವರಲ್ಲ. ದೇಹ ಸುಟ್ಟುಹೋದರೆ, ಹೆಸರು ಅಳಿಸಿಹೋದರೆ ಮನುಷ್ಯ ಎರಡನೆಯ ಸಲ ಸಾಯುತ್ತಾನೆ, ಅದಕ್ಕೆ ಪರಿಹಾರವಿಲ್ಲ ಎಂಬ ನಂಬಿಕೆಯಲ್ಲೇ ಬೆಳೆದವರು. ಹಾಗಿದ್ದೂ ಬೆಂಕಿ ಹಚ್ಚಿದರು. ಅವರ ಎದೆಗಳನ್ನು ತೂಗುವಾಗ 30ಬಿ ಮಂತ್ರವೇ ಅವರ ಬಾಯಿಗೂ ಬರುತ್ತಿತ್ತು. ಮೊದಲ ಪ್ರತಿಕ್ರಿಯೆಯಲ್ಲಿ ಆ ಮಂತ್ರವನ್ನು ನಿರಪರಾಧಿಯ ರಕ್ಷಣೆಯೆಂದು ವಾದಿಸಿದ್ದೆ. ಈಗ ನನಗೆ ಅಷ್ಟು ಧೈರ್ಯವಿಲ್ಲ.

ಕೊನೆಗೊಂದು ಕೌತುಕ. ಈ ಮಂತ್ರವನ್ನು ಹಸಿರು ಕಲ್ಲಿನ ಜೀರುಂಡೆಯ ಆಕಾರದ ತಾಯಿತದ ಮೇಲೆ ಕೆತ್ತಿ ಹೆಣದ ಎದೆಯ ಮೇಲಿಡುತ್ತಿದ್ದರು. ನಮಗೆ ಉಳಿದಿರುವ ಅತಿ ಹಳೆಯ ಇಂಥ ತಾಯಿತಗಳಲ್ಲೊಂದು, ಜೀರುಂಡೆಗೆ ಮನುಷ್ಯನ ಮುಖವಿರುವಂಥದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲಿರುವ ಹೆಸರು ಸೊಬೆಕೆಮ್ಸಾಫ್. ಆ ಹೆಸರಿನ ರಾಜರು ಇಬ್ಬರಿದ್ದಾರೆ, ಹಾಗಾಗಿ ಕಳ್ಳರು ಬಿಚ್ಚಿದ್ದು ಇದೇ ತಾಯಿತವೆಂದು ನಾನು ವಾದಿಸಲಾರೆ.

ಬೀದರಿನ ಓದುಗ

ಅಂತೂ ಮೇಲಿನ ನ್ಯಾಯಾಲಯಕ್ಕೂ ಕೆಳಗಿನದಕ್ಕೂ ಅಂಥ ವ್ಯತ್ಯಾಸವಿರಲಿಲ್ಲವೆಂದಾಯಿತು. ಅಂದಹಾಗೆ, ಕನ್ನಡದ ಮಾತುಗಳಿವೆಯೆಂದು ಹೇಳುವ ಆ ಗ್ರೀಕ್ ಪ್ರಹಸನದ ಪಪೈರಸ್ ಈಜಿಪ್ಟಿನಲ್ಲೇ ಸಿಕ್ಕಿದ್ದಲ್ಲವೇ? ಅದಕ್ಕೂ ಈ ಸಮಾಧಿಗಳಿಗೂ ಏನಾದರೂ ಸಂಬಂಧವಿದೆಯೇ?

ಲಿಪಿಕಾರ

ಅದು ಸಮಾಧಿಯಲ್ಲಿ ಸಿಕ್ಕಿದ್ದಲ್ಲ, ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ಸಿಕ್ಕಿದ್ದು. ಅಲ್ಲಿರುವುದು ಕನ್ನಡ ಹೌದೋ ಅಲ್ಲವೋ ಎಂಬ ವಾದಕ್ಕೆ ಬೇರೆ ಎಳೆ ತೆರೆಯುವುದು ಲೇಸು. ಊರಿನ ಹೆಸರಿಗೆ ಮಾತ್ರ ನಮ್ಮ ವಿಷಯದೊಡನೆ ಸಂಬಂಧವಿದೆ. ಒಸೈರಿಸ್‌ನನ್ನು ತಮ್ಮನಾದ ಸೇತ್ ಕೊಂದು ತುಂಡರಿಸಿ ಚೆಲ್ಲಿದಾಗ, ಹೆಂಡತಿ ಐಸಿಸ್ ತುಂಡುಗಳನ್ನೆಲ್ಲ ಹುಡುಕಿ ಕೂಡಿಸಿದಳು. ಜನನಾಂಗವೊಂದು ಸಿಗಲಿಲ್ಲ, ಅದನ್ನು ನೈಲ್ ನದಿಯ ಮೀನುಗಳು ತಿಂದಿದ್ದವು ಎಂಬುದು ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಕಥೆ. ಆ ಮೀನುಗಳಲ್ಲೊಂದು ಚೂಪುಮೂತಿಯದು, ಅದನ್ನು ಪೂಜಿಸುತ್ತಿದ್ದ ಊರಿಗೆ ಗ್ರೀಕರು ಆ ಮೀನಿನ ಹೆಸರನ್ನೇ ಇಟ್ಟರು. ಚೂರಾದ ದೇಹವನ್ನು ಕೂಡಿಸಿ, ಬಟ್ಟೆ ಸುತ್ತಿ, ಮತ್ತೆ ಉಸಿರು ಬರಿಸಿದ ಈ ಕಥೆಯೇ ಮಮ್ಮಿ ಮಾಡುವ ಕ್ರಿಯೆಗೆಲ್ಲ ಮಾದರಿ. ಸತ್ತ ಪ್ರತಿಯೊಬ್ಬನ ಹೆಸರಿನ ಹಿಂದೆ ‘ಒಸೈರಿಸ್’ ಎಂದು ಸೇರಿಸುತ್ತಿದ್ದುದು ಆ ಕಾರಣಕ್ಕೇ.

ಇನ್ನು ಬಡವರ ಪ್ರಶ್ನೆ. ಮಂತ್ರಗಳು ಮೊದಲು ರಾಜರ ಸ್ವತ್ತಾಗಿದ್ದವು. ಸಕ್ಕಾರದಲ್ಲಿ ಉನಾಸ್‌ನ ಪಿರಮಿಡ್ಡಿನ ಒಳಗೋಡೆಗಳ ಮೇಲೆ, ಕ್ರಿ.ಪೂ. 2350ರ ಸುಮಾರಿಗೆ, ಅವು ಮೊದಲ ಬಾರಿಗೆ ಕಾಣುತ್ತವೆ. ಆಮೇಲೆ ಅಧಿಕಾರಿಗಳ ಶವಪೆಟ್ಟಿಗೆಗಳಿಗೆ ಇಳಿದವು, ಅಲ್ಲಿಂದ ಪಪೈರಸ್ಸಿಗೆ. ಅಲ್ಲಿಗೆ ಇಳಿತ ನಿಂತಿತು. ಅಮರ್ನ ಎಂಬ ಹಳೆಯ ನಗರದ ಸಾಮಾನ್ಯರ ಸ್ಮಶಾನದಲ್ಲಿ ಮರಳಿನ ಗುಂಡಿ, ಮೈಮೇಲೊಂದು ಬಟ್ಟೆ, ಹೊರಗೊಂದು ಚಾಪೆ, ಹೆಚ್ಚಿನವರಿಗೆ ಅಷ್ಟೇ. ಸುರುಳಿಯಿಲ್ಲದೆ ಹೋದವರು ಬಾಯಿಪಾಠದ ಮಾತುಗಳನ್ನೇ ನಂಬಿದ್ದಿರಬೇಕು. ಆದರೆ 125ನೆಯ ಮಂತ್ರದಲ್ಲಿ ಸತ್ತವನು ತಾನು ಮಾಡಿಲ್ಲವೆಂದು ಹೇಳುವ ಪಾಪಗಳ ಪಟ್ಟಿಯನ್ನು ನೋಡಿ: ತಕ್ಕಡಿಯ ಕಲ್ಲಿಗೆ ಕೈ ಹಾಕಿಲ್ಲ, ಮಗುವಿನ ಬಾಯಿಂದ ಹಾಲು ಕಿತ್ತಿಲ್ಲ, ಹರಿಯುವ ನೀರಿಗೆ ಒಡ್ಡು ಹಾಕಿಲ್ಲ. ಇವು ಉಳ್ಳವನು ಇಲ್ಲದವನಿಗೆ ಮಾಡಬಲ್ಲ ಅನ್ಯಾಯಗಳು. ಕಾಲುವೆಯ ಕೊನೆಯಲ್ಲಿ ಹೊಲವಿರುವ ರೈತ ಯಾರ ನೀರಿಗೆ ಅಡ್ಡ ಹಾಕಿಯಾನು?

ವಕೀಲರ ಅನುಮಾನಕ್ಕೆ ನನ್ನ ಉತ್ತರ ಬೇರೆ ದಿಕ್ಕಿನದು. ಅವರಿಗೆ ಬರಹ ಎಂಬುದು ವಿವರಣೆಯಲ್ಲ, ಕ್ರಿಯೆ. ಪರಲೋಕದಲ್ಲೂ ಒಸೈರಿಸ್ ಬಿಟ್ಟಿ ಕೆಲಸಕ್ಕೆ ಕರೆಯುತ್ತಾನೆ, ಹೊಲ ಉಳು, ಮರಳು ಹೊರು ಎನ್ನುತ್ತಾನೆ. ಅದಕ್ಕೆಂದು ಶಬ್ತಿ ಎಂಬ ಬದಲಿ ಆಳುಗೊಂಬೆಗಳನ್ನು ಜೊತೆಗೊಯ್ದರು. ಟುಟಾಂಖಾಮನ್‌ನ ಗೋರಿಯಲ್ಲಿ ಅಂಥ 413 ಗೊಂಬೆಗಳು: ದಿನಕ್ಕೊಂದರಂತೆ 365 ಆಳು, ಹತ್ತು ಆಳಿಗೊಬ್ಬನಂತೆ 36 ಮೇಸ್ತ್ರಿ, ತಿಂಗಳಿಗೊಬ್ಬನಂತೆ 12 ಮೇಲ್ವಿಚಾರಕರು. ರಾಜನಿಗೇ ಬಿಟ್ಟಿ ತಪ್ಪಲಿಲ್ಲ, ಬದಲಿ ಆಳನ್ನು ಕಳುಹಿಸುವುದು ಅವರಿಗೆ ಮೋಸವೆನ್ನಿಸಲೂ ಇಲ್ಲ. ಹೃದಯಕ್ಕೆ ಹೇಳುವ ಮಂತ್ರವನ್ನೂ ಹೀಗೆಯೇ ನೋಡಬೇಕು. ಅದನ್ನು ಹೇಳುವುದೂ ಬದುಕಿನ ಸಿದ್ಧತೆಯ ಒಂದು ಭಾಗ.

ಸತ್ತವರ ಆ ನ್ಯಾಯಾಲಯಕ್ಕೆ ಬದುಕಿದ್ದವರೂ ದೂರು ಕೊಡಬಹುದಿತ್ತು. ಲೈಡನ್‌ನಲ್ಲಿರುವ ಒಂದು ಪಪೈರಸ್, ಗಂಡನೊಬ್ಬ ತೀರಿಹೋದ ಹೆಂಡತಿ ಆಂಖಿರಿಗೆ ಬರೆದ ಕಾಗದ. ತನಗೆ ಬಂದ ಕಷ್ಟಕ್ಕೆಲ್ಲ ಅವಳ ಸಿಟ್ಟೇ ಕಾರಣವೆಂದು ಅವನ ಗುಮಾನಿ. ದೊಡ್ಡ ಹುದ್ದೆ ಬಂದಾಗಲೂ ನಿನ್ನನ್ನು ಬಿಡಲಿಲ್ಲ, ಕಾಯಿಲೆಯಾದಾಗ ವೈದ್ಯನನ್ನು ಕರೆಸಿದೆ, ಹೆಣಕ್ಕೆ ಒಳ್ಳೆಯ ನಾರುಬಟ್ಟೆ ಕೊಟ್ಟೆ, ಮೂರು ವರ್ಷದಿಂದ ಒಂಟಿಯಾಗಿದ್ದೇನೆ, ಆದರೂ ನನ್ನನ್ನು ಹೀಗೆ ಪೀಡಿಸುವೆಯಾ, ಪಶ್ಚಿಮದ (ಅಂದರೆ ಸತ್ತವರ ಲೋಕದ) ದೇವರುಗಳ ಮುಂದೆ ನಿನ್ನ ಮೇಲೆ ವ್ಯಾಜ್ಯ ಹೂಡುತ್ತೇನೆ ಎಂದು ಬರೆಯುತ್ತಾನೆ.

ಮರಳುಗಡಿಯಾರ ಅವರೇ, ಈಗ ನಿಮ್ಮ ಪದ. ಮೂಲದಲ್ಲಿ ಒಂದಲ್ಲ, ಎರಡು ಪದಗಳಿವೆ. ಮೊದಲ ಸಾಲಿನಲ್ಲಿ ‘ಇಬ್’, ಅದು ತಾಯಿಯಿಂದ ಬಂದದ್ದು. ನಂತರ ‘ಹಾತಿ’, ಅದು ಬದುಕಿನ ಬೇರೆ ಬೇರೆ ರೂಪಗಳಲ್ಲಿ, ಪ್ರಾಯಗಳಲ್ಲಿ ಜೊತೆಗಿದ್ದದ್ದು. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಹಾಕಿದ್ದರಿಂದ ನಿಮಗೆ ಕಾಣಲಿಲ್ಲ. ಕನ್ನಡಕ್ಕೆ ಆ ಬಡತನವಿಲ್ಲ. ಒಂದೇ ಎಚ್ಚರಿಕೆ, ಅಡಿಟಿಪ್ಪಣಿಯಲ್ಲಿ ಚಿತ್ರಗುಪ್ತನನ್ನು ತರಬೇಡಿ. ಚಿತ್ರಗುಪ್ತನ ಕಡತ ಹೊರಗಿನದು. ಇಲ್ಲಿ ಕಡತವನ್ನು ಮನುಷ್ಯನೇ ಎದೆಯಲ್ಲಿಟ್ಟುಕೊಂಡು ಬರುತ್ತಾನೆ.

ಮರಳುಗಡಿಯಾರ

ಎಲ್ಲರಿಗೂ ಕೃತಜ್ಞತೆಗಳು. ‘ಎದೆ ಮುಟ್ಟಿಕೊಂಡು ಹೇಳು’ ಎಂದು ನನ್ನ ಅಜ್ಜಿ ನಿಜ ಹೇಳಿಸುತ್ತಿದ್ದರು, ‘ಹೃದಯ ಮುಟ್ಟಿಕೊಂಡು’ ಎಂದಲ್ಲ. ಆದ್ದರಿಂದ ನೆನಪಿನ, ಸಾಕ್ಷಿಯ ‘ಇಬ್’ ಪದಕ್ಕೆ ‘ಎದೆ’ಯನ್ನೂ, ‘ಹಾತಿ’ ಪದಕ್ಕೆ ‘ಹೃದಯ’ವನ್ನೂ ಇಟ್ಟಿದ್ದೇನೆ. ದನಿಯನ್ನು ಪ್ರಾರ್ಥನೆಗೂ ಉಪಾಯಕ್ಕೂ ಬಿಟ್ಟುಕೊಡದೆ, ಮನೆಯ ಗುಟ್ಟು ಬಲ್ಲ ಒಡಹುಟ್ಟಿನೊಡನೆ ಮಾತಾಡುವಂತೆ ತಂದಿದ್ದೇನೆ. ಮೊದಲ ಕರಡು ಹೀಗಿದೆ, ತಿದ್ದುಪಡಿಗಳಿದ್ದರೆ ಭಾನುವಾರದೊಳಗೆ ತಿಳಿಸಿ:

ನನ್ನ ತಾಯಿ ಕೊಟ್ಟ ಎದೆಯೇ, ನನ್ನ ತಾಯಿ ಕೊಟ್ಟ ಎದೆಯೇ,
ನನ್ನ ಎಲ್ಲ ಪ್ರಾಯಗಳ ಹೃದಯವೇ,
ನನಗೆ ಎದುರು ಸಾಕ್ಷಿಯಾಗಿ ಏಳಬೇಡ,
ಸಭೆಯಲ್ಲಿ ನನ್ನನ್ನು ತಳ್ಳಿಹಾಕಬೇಡ,
ತಕ್ಕಡಿ ಹಿಡಿದವನ ಮುಂದೆ ನನ್ನ ಮೇಲೆ ಮುನಿಯಬೇಡ.

ಹಳೇ ವಕೀಲ

‘ತಳ್ಳಿಹಾಕಬೇಡ’ ಎಂಬುದು ನ್ಯಾಯಾಧೀಶರು ಅರ್ಜಿಗೆ ಮಾಡುವ ಕೆಲಸ, ಸಾಕ್ಷಿ ಮಾಡುವುದಲ್ಲ. ‘ಸಭೆಯಲ್ಲಿ ನನ್ನ ಮಾತಿಗೆ ಇದಿರಾಡಬೇಡ’ ಎಂದು ತಿದ್ದಿರಿ. ಉಳಿದದ್ದಕ್ಕೆ ನನ್ನ ತಕರಾರಿಲ್ಲ.